ಬಲಗಡೆಯ ಸೀಟು

ಬೀದಿಯವರು ಅವಳನ್ನು ಕ್ಯಾಪ್ಟನಮ್ಮ ಎಂದೇ ಕರೆಯುತ್ತಿದ್ದರು. ಹೆಸರು ದೊಡ್ಡದಾಗಿತ್ತು, ಅವಳು ಹಾರಿಸುತ್ತಿದ್ದ ವಿಮಾನ ಸಣ್ಣದು. ಐವತ್ತು ಜನ ಹಿಡಿಯುವ, ರೆಕ್ಕೆಯ ಮೇಲೆ ಎರಡು ಪಂಖ ತಿರುಗುವ ವಿಮಾನ. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಸಣ್ಣ ಊರುಗಳ ನಡುವೆ ದಿನಕ್ಕೆ ನಾಲ್ಕೈದು ಸಲ ಏರಿ ಇಳಿದು, ಕಿವಿಯಲ್ಲಿ ಪಂಖದ ಸದ್ದನ್ನು ತುಂಬಿಕೊಂಡೇ ಮನೆಗೆ ಬರುತ್ತಿದ್ದಳು. "ಬಸ್ಸಿಗೆ ರೆಕ್ಕೆ ಕಟ್ಟಿದ್ದಾರೆ ಅಷ್ಟೆ" ಎಂದು ಅವಳೇ ನಗುತ್ತಿದ್ದಳು. ಈಚೆಗೆ ಆ ನಗುವೂ ಕಡಿಮೆಯಾಗಿತ್ತು.

ಅವಳ ಕಂಪನಿ ಇಂದೋ ನಾಳೆಯೋ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿ ವರ್ಷವಾಗಿತ್ತು. ಪೈಲಟ್‌ಗಳೆಲ್ಲ ಕಂಡಕಂಡಲ್ಲಿ ಅರ್ಜಿ ಹಾಕಿದ್ದರು. ಅವಳೂ ಹಾಕಿದ್ದಳು, ಪರೀಕ್ಷೆ ಬರೆದಿದ್ದಳು, ನಕಲಿ ಕಾಕ್‌ಪಿಟ್‌ನಲ್ಲಿ ಕುಳಿತು ಎಂಜಿನ್ ಕೆಡಿಸಿಕೊಂಡು ಇಳಿಸಿ ತೋರಿಸಿದ್ದಳು. ತಿಂಗಳುಗಟ್ಟಲೆ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕರೆ ಬಂತು.

ಒಂದು, ಎಲ್ಲರೂ 'ದೊಡ್ಡ ಕಂಪನಿ' ಎನ್ನುತ್ತಿದ್ದ ಕಂಪನಿ. ತರಬೇತಿ ಮುಗಿದ ದಿನದಿಂದಲೇ ಕ್ಯಾಪ್ಟನ್ ಪಟ್ಟ, ಮುಂದೆ ಸಾಗರ ದಾಟುವ ವಿಮಾನಗಳು. ಆದರೆ ಅವರ ಮೂಲ ನಿಲ್ದಾಣ ಬಹಳ ದೂರದ ನಗರದಲ್ಲಿತ್ತು. ತಿಂಗಳಿಗೆ ಒಂದು ವಾರ ಮನೆ ಕಂಡರೆ ಅದೇ ಪುಣ್ಯ. ಇನ್ನೊಂದು, ಬಾಲಕ್ಕೆ ಕೆಂಪು ಬಳಿದ ವಿಮಾನಗಳದ್ದು. ಅದರ ನಿಲ್ದಾಣ ಇದೇ ಊರಿನಲ್ಲಿತ್ತು. ಹೆಚ್ಚಿನ ದಿನ ಹೋಗಿ ಬಂದು ಮನೆಯಲ್ಲೇ ಮಲಗಬಹುದಿತ್ತು. ಆದರೆ ಅಲ್ಲಿ ಎಷ್ಟೇ ಅನುಭವವಿದ್ದರೂ ಹೊಸಬರು ಬಲಗಡೆಯ ಸೀಟಿನಲ್ಲಿ, ಅಂದರೆ ಸಹಪೈಲಟ್ ಆಗಿಯೇ ಶುರು ಮಾಡಬೇಕು. ಎಡಗಡೆಯ ಕ್ಯಾಪ್ಟನ್ ಸೀಟಿಗೆ ದಾಟಲು ಐದೋ ಆರೋ ವರ್ಷ ಬೇಕು. ಈ ಕಸುಬಿನಲ್ಲಿ ಸೇರಿದ ದಿನವೇ ಹುಟ್ಟಿದ ದಿನ. ರಜೆ, ಮಾರ್ಗ, ಬಡ್ತಿ ಎಲ್ಲವೂ ಆ ದಿನದಿಂದಲೇ ಲೆಕ್ಕ. ನಲವತ್ತನಾಲ್ಕು ವರ್ಷದ ಅವಳು ತಲೆ ನರೆತ ಕೂಸಾಗಬೇಕಿತ್ತು.

ಇಬ್ಬರೂ ಶುಕ್ರವಾರದೊಳಗೆ ಉತ್ತರ ಕೇಳಿದ್ದರು.

ಅವಳು ಮೊದಲು ಹೇಳಿದ್ದು ಗಂಡನಿಗೆ. ಅವನು ಕಟ್ಟುಹಲ್ಲು ಮಾಡುವವನು. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಊರಿನ ದಂತವೈದ್ಯರೆಲ್ಲ ಅಚ್ಚು ಕಳಿಸುತ್ತಿದ್ದರು, ಅವನು ಹಲ್ಲು ಕೂರಿಸಿ ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಅವಳು ಎರಡೂ ಕೆಲಸದ ಒಳ್ಳೆಯದು ಕೆಟ್ಟದ್ದು ಹೇಳಿ ಮುಗಿಸುವವರೆಗೂ ಕೈಯಲ್ಲಿದ್ದ ದವಡೆಯನ್ನು ಕೆಳಗಿಡದೆ ಕೇಳಿದ.

"ನಿಂಗೆ ಹೇಗನ್ಸುತ್ತೋ ಹಾಗೆ ಮಾಡು" ಎಂದ.

"ನಿಮಗೆ ಹೇಗನ್ಸುತ್ತೆ?"

"ಎರಡೂ ಒಳ್ಳೇದೇ. ನಿನ್ನ ಕೆಲ್ಸ, ನಿನ್ನಿಷ್ಟ."

ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳಿಗೆ ಅದು ದೊಡ್ಡ ಗುಣವಾಗಿ ಕಂಡಿತ್ತು. ಗೆಳತಿಯರ ಗಂಡಂದಿರು ಅಲ್ಲಿ ಹೋಗಬೇಡ ಇಲ್ಲಿ ಬರಬೇಡ ಎನ್ನುವಾಗ, ಇವನು ಒಂದು ದಿನವೂ ಬೇಡ ಎಂದವನಲ್ಲ. ಈಗ ಅದೇ ಮಾತು ಕೇಳಿ ಅವಳ ಹೆಗಲು ಇನ್ನಷ್ಟು ಕುಸಿಯಿತು.

ಅತ್ತೆ ಮಾತ್ರ ಬಾಯಿ ಮುಚ್ಚಿ ಕೂರುವವರಲ್ಲ. "ದೊಡ್ಡ ವಿಮಾನ ಅಂದ್ರೆ ಬೀಳೋದು ಕಮ್ಮಿ ತಾನೆ?" ಎಂದು ಕೇಳಿದರು.

"ಸಣ್ಣದೂ ಬೀಳಲ್ಲ ಅತ್ತೆ."

"ಬೀಳಲ್ಲ ಅಂತ ಗೊತ್ತು. ಆದ್ರೂ ದೊಡ್ಡದು ದೊಡ್ಡದೇ. ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿಂಗೆ ಎರಡೂ ಬಂದಿದೆ. ಕೂತ್ಕೊಂಡು ತಲೆ ಕೆರ್ಕೋತೀಯಲ್ಲ!" ಎಂದವರು, ಆಮೇಲೆ "ನಾನು ಏನಾದ್ರೂ ಹೇಳಿದ್ರೆ ಅತ್ತೆ ಅಡ್ಡಗಾಲು ಹಾಕಿದ್ಲು ಅಂತಾಗುತ್ತೆ. ನಿನ್ನಿಷ್ಟ ಕಣಮ್ಮ" ಎಂದು ಅವರೂ ಅಲ್ಲಿಗೇ ಬಂದು ನಿಂತರು.

ಹದಿಮೂರರ ಮಗಳು ಫೋನಿನಿಂದ ತಲೆಯೆತ್ತದೆ, "ಹೇಗಿದ್ರೂ ನೀನು ಈಗ್ಲೂ ಮನೇಲಿರಲ್ಲ ಅಲ್ವಾ ಅಮ್ಮ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಹೊರಗೆ ಮೋಡ ಕವಿದಿದೆ ಎಂದು ಹೇಳಿದ ಹಾಗಿತ್ತು. ಸಿಟ್ಟಿದ್ದರೆ ಅವಳು ಏನಾದರೂ ಉತ್ತರ ಕೊಡುತ್ತಿದ್ದಳು.

ಬುಧವಾರ ಅವಳ ಜೊತೆ ಹಾರಲು ಬಂದ ಸಹಪೈಲಟ್ ಸಪೂರ ಆಳು, ಎಲ್ಲರೂ ಅವನನ್ನು 'ಕಡ್ಡಿ' ಎಂದೇ ಕರೆಯುತ್ತಿದ್ದರು. ಅವನಿಗೂ ದೊಡ್ಡ ಕಂಪನಿಯಲ್ಲಿ ಸಹಪೈಲಟ್ ಕೆಲಸ ಸಿಕ್ಕಿತ್ತು. ಹಿಡಿದರೆ ಸಿಗದಷ್ಟು ಖುಷಿಯಲ್ಲಿದ್ದ.

"ಬನ್ನಿ ಮೇಡಂ, ಅಲ್ಲೂ ನಿಮ್ ಪಕ್ಕದಲ್ಲೇ ಕೂತ್ಕೋತೀನಿ. ಇನ್ನೇನು ಯೋಚ್ನೆ? ಮತ್ತೆ ಬಲಗಡೆ ಸೀಟಿಗೆ ಹೋಗೋದುಂಟಾ? ಪ್ರೊಫೆಸರು ಮತ್ತೆ ಒಂದನೇ ಕ್ಲಾಸಿಗೆ ಸೇರ್ಕೊಂಡ ಹಾಗೆ."

"ನೋಡೋಣ" ಎಂದಳು.

ಅವತ್ತು ಮೂರನೆಯ ಹಾರಾಟದ ಹೊತ್ತಿಗೆ ಹವೆ ಕೆಟ್ಟಿತು. ಇಳಿಯಬೇಕಾದ ಊರಿನ ಮೇಲೆ ಮೋಡ ತೀರಾ ಕೆಳಗೆ ಬಂದು ಕುಳಿತಿತ್ತು. ಉಪಕರಣಗಳನ್ನು ನೋಡುತ್ತಲೇ ವಿಮಾನವನ್ನು ಒಂದು ಎತ್ತರದವರೆಗೆ ಇಳಿಸಬಹುದು. ಆ ಎತ್ತರಕ್ಕೆ ಬಂದಾಗ ರನ್‌ವೇಯ ದೀಪ ಕಂಡರೆ ಇಳಿಯಬೇಕು, ಕಾಣದಿದ್ದರೆ ಆ ಕ್ಷಣವೇ ಮೇಲೇರಬೇಕು. ನಡುವೆ ಮೂರನೆಯ ದಾರಿಯಿಲ್ಲ. ಅವಳು ಇದನ್ನು ಸಾವಿರ ಸಲ ಮಾಡಿದ್ದಳು.

ಆ ಎತ್ತರ ಬಂತು. ಕಡ್ಡಿ ಕೂಗಿ ಹೇಳಿದ. ಗಾಜಿನಾಚೆ ಬರೀ ಬೂದಿ ಬಣ್ಣ. ಅವಳು ಮಾತಾಡಲಿಲ್ಲ.

ಒಂದು ಉಸಿರಿನಷ್ಟು ಹೊತ್ತು. ಭಯವೇನೂ ಆಗಿರಲಿಲ್ಲ, ಗೊಂದಲವೂ ಇರಲಿಲ್ಲ. ಯಾರಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಪಕ್ಕದಲ್ಲಿದ್ದವನು ಹೇಳಲಿ, ಹಿಂದೆ ಕುಳಿತ ಪ್ರಯಾಣಿಕರಲ್ಲಿ ಒಬ್ಬರು ಎದ್ದು ಬಂದು ಹೇಳಲಿ.

"ಮೇಡಂ?" ಎಂದ ಕಡ್ಡಿ. ಅವನ ದನಿ ಒಂದು ಮೆಟ್ಟಿಲು ಮೇಲಿತ್ತು.

"ಮೇಲಕ್ಕೆ" ಎಂದಳು. ಕೈಗಳು ತಾವಾಗಿಯೇ ಕೆಲಸ ಮಾಡಿದವು. ವಿಮಾನ ಮೂಗೆತ್ತಿ ಮೋಡದೊಳಗೆ ಹೋಯಿತು. ಸುತ್ತು ಹಾಕಿ ಎರಡನೆಯ ಸಲ ಬಂದಾಗ ದೀಪದ ಸಾಲು ಸ್ಪಷ್ಟವಾಗಿ ಕಂಡಿತು. ಮೆತ್ತಗೆ ಇಳಿಸಿದಳು. ಪ್ರಯಾಣಿಕರೊಬ್ಬರು ಹೋಗುವಾಗ "ಚೆನ್ನಾಗಿ ಇಳಿಸಿದ್ರಿ" ಎಂದು ಹೊಗಳಿಯೂ ಹೋದರು.

ಎಂಜಿನ್ ನಿಂತ ಮೇಲೆ ಕಡ್ಡಿ ಮೆಲ್ಲನೆ, "ಏನೂ ತಡ ಆಗ್ಲಿಲ್ಲ ಬಿಡಿ ಮೇಡಂ. ಎಲ್ಲ ಲೆಕ್ಕದೊಳಗೇ ಇತ್ತು" ಎಂದ.

"ನಿನಗೆ ಗೊತ್ತಾಯ್ತಲ್ಲ, ಸಾಕು."

"ಯಾರಿಗೂ ಹೇಳಲ್ಲ ನಾನು."

"ನಾನೇ ಹೇಳ್ತೀನಿ ಕಣೋ. ಮುಂದಿನ ಸಲ ನಾನು ಬಾಯಿ ಬಿಡ್ಲಿಲ್ಲ ಅಂದ್ರೆ ನೀನು ಮೇಡಂ ಅನ್ಬೇಡ. ಮೇಲಕ್ಕೆ ಅನ್ನು."

ವಾಪಸಿನ ಹಾರಾಟವನ್ನು ಅವಳೇ ಮಾಡಬೇಕಿತ್ತು. ನಿಲ್ದಾಣದ ಕಚೇರಿಗೆ ಹೋಗಿ, ಆಯಾಸವಾಗಿದೆ, ಇವತ್ತು ಇನ್ನು ಹಾರಿಸಲಾರೆ ಎಂದಳು. ಅವಳ ಇಡೀ ನೌಕರಿಯಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು. ಡ್ಯೂಟಿ ಅಧಿಕಾರಿ ಅವಳ ಮುಖ ನೋಡಿ, "ಜ್ವರಾನಾ?" ಎಂದು ಕೇಳಿದ. "ಅಲ್ಲ, ಆಯಾಸ" ಎಂದಳು. ಜ್ವರ ಎಂದಿದ್ದರೆ ಅವನಿಗೂ ಸುಲಭವಾಗುತ್ತಿತ್ತು. ಬದಲಿ ಕ್ಯಾಪ್ಟನ್‌ಗಾಗಿ ಫೋನು ತಿರುಗಿಸುತ್ತ ಅವನು ಗೊಣಗಿದ್ದು ಅವಳಿಗೆ ಕೇಳಿಸಿತು. ಕೇಳಿಸದವಳಂತೆ ಚೀಲ ಎತ್ತಿಕೊಂಡು ಬಂದು ರೈಲು ಹಿಡಿದಳು.

ಮನೆ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ಅವಳು ಮನೆ ನೋಡಿ ಎಷ್ಟೋ ಕಾಲವಾಗಿತ್ತು. ಪಡಸಾಲೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು ಅತ್ತೆಯ ಮಂಚದ ಕಾಲಿನವರೆಗೆ ಬಂದಿತ್ತು. ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಉಜ್ಜುವ ಯಂತ್ರ ಸೊಯ್ಯನೆ ಸದ್ದು ಮಾಡುತ್ತಿತ್ತು, ಅದರ ಜೊತೆ ಗಂಡ ಯಾವುದೋ ರಾಗ ಗುನುಗುತ್ತಿದ್ದ. ಅವನು ಗುನುಗುತ್ತಾನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮನೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಅವಳು ಬೂಟು ಬಿಚ್ಚಿ, ಸಮವಸ್ತ್ರದಲ್ಲೇ ಹಾಸಿಗೆಗೆ ಬಿದ್ದಳು.

ಎದ್ದಾಗ ಬೆಳಗಾಗಿತ್ತು. ಯಾರೋ ಹೊದಿಕೆ ಹೊದಿಸಿದ್ದರು. ಗಂಡ ಮಂಚದ ತುದಿಯಲ್ಲಿ ಕಾಫಿ ಹಿಡಿದು ಕುಳಿತಿದ್ದ.

"ಕಂಪನಿಯಿಂದ ಫೋನು ಬಂದಿತ್ತು. ಇವತ್ತೂ ರಜೆ ಅಂತೆ, ಡಾಕ್ಟರಿಗೆ ತೋರಿಸ್ಬೇಕಂತೆ. ಏನಾಯ್ತು?"

ಅವಳು ಹೇಳಿದಳು. ಮೋಡ, ಎತ್ತರ, ಬಾಯಿ ಬಾರದೇ ಹೋದದ್ದು.

"ಇಡೀ ದಿನ ನಾನೇ ಹೇಳ್ಬೇಕು ರೀ. ಏರೋಣ, ಇಳಿಯೋಣ, ಕಾಯೋಣ, ವಾಪಸ್ ಹೋಗೋಣ. ಮನೆಗೆ ಬಂದ್ರೆ ನೀವೂ ನಿನ್ನಿಷ್ಟ, ಅತ್ತೇನೂ ನಿನ್ನಿಷ್ಟ. ಒಂದೇ ಒಂದ್ಸಲ ಹೋಗು ಅನ್ನಿ, ಇಲ್ಲ ಹೋಗ್ಬೇಡ ಅನ್ನಿ. ನಾನು ಕೇಳ್ತೀನೋ ಬಿಡ್ತೀನೋ ಆಮೇಲಿನ ಮಾತು."

ಅವನು ಲೋಟವನ್ನು ಕೆಳಗಿಟ್ಟ. ಆಮೇಲೆ, "ಹೋಗ್ಬೇಡ" ಎಂದ.

ಅವಳು ಎದ್ದು ಕುಳಿತಳು.

"ದೊಡ್ಡ ಕಂಪನಿಗೆ ಹೋಗ್ಬೇಡ. ಮೊದಲ ದಿನವೇ ಅನ್ನಿಸ್ತು ನಂಗೆ. ತಿಂಗಳಿಗೊಂದು ವಾರ ಬರೋ ಹೆಂಡ್ತಿ ಬೇಡ ನಂಗೆ. ಮಗಳು ನೋಡ್ತಾ ನೋಡ್ತಾ ದೊಡ್ಡೋಳಾಗ್ತಿದ್ದಾಳೆ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೇಳ್ತಿದ್ದೆ. ಆಮೇಲೆ ಆಯುಸ್ಸಿಡೀ ನಿನ್ನ ತಡೆದೋನು ನಾನೇ ಆಗ್ತಿದ್ದೆ. ಆಕಾಶದಲ್ಲಿ ದೊಡ್ಡ ವಿಮಾನ ಹೋದಾಗೆಲ್ಲ ನೀನು ತಲೆ ಎತ್ತಿ ನೋಡ್ತೀಯ, ನಾನು ತಲೆ ತಗ್ಗಿಸ್ಬೇಕು."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ನಿಮ್ಮ ಮೈಗೆ ಮಸಿ ಹತ್ಬಾರದು, ಎಲ್ಲ ನನ್ನ ತಲೆ ಮೇಲೆ ಬರ್ಲಿ ಅಂತ ಸುಮ್ನಿದ್ರಿ. ಇಷ್ಟು ವರ್ಷ ನಾನು ಅದನ್ನ ನಿಮ್ಮ ದೊಡ್ಡತನ ಅಂದ್ಕೊಂಡಿದ್ದೆ!"

"ಸ್ವಲ್ಪ ದೊಡ್ಡತನಾನೂ ಇತ್ತು" ಎಂದ ಅವನು ಪೆಚ್ಚಾಗಿ.

ಇಬ್ಬರೂ ಜಗಳವಾಡಿದರು. ಹೊಸ ಜಗಳದ ಜೊತೆ ಹಳೆಯ ಜಗಳಗಳೂ ಎದ್ದು ಬಂದವು. ಮಗಳು ಒಮ್ಮೆ ಬಾಗಿಲಲ್ಲಿ ಇಣುಕಿ ಶಾಲೆಗೆ ಹೋದಳು. ಅತ್ತೆ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡಿದರು. ಕಾಫಿ ತಣ್ಣಗಾಯಿತು.

ಸಿಟ್ಟು ಇಳಿದ ಮೇಲೆ ಅವಳು ಒಬ್ಬಳೇ ಸ್ನಾನದ ಮನೆಯಲ್ಲಿ ನಿಂತು ನೀರು ಹೊಯ್ದುಕೊಳ್ಳುತ್ತ ಯೋಚಿಸಿದಳು. ಗಂಡ ಬೇಡವೆಂದನೆಂದು ತಾನು ಬಿಡುತ್ತಿದ್ದೇನೆಯೇ? ಅಲ್ಲ. ಅವನು 'ಹೋಗು' ಎಂದಿದ್ದರೂ ಎದೆ ಹಗುರಾಗುತ್ತಿರಲಿಲ್ಲ ಎಂಬುದು ಈಗ ತಿಳಿಯಿತು. ದೊಡ್ಡ ವಿಮಾನ ಎಂದಾಗ ಅವಳ ಕಣ್ಣಿಗೆ ಬರುತ್ತಿದ್ದದ್ದು ಸಾಗರವಲ್ಲ, ನಡುರಾತ್ರಿ ಅದರ ಮೇಲೆ ಮುನ್ನೂರು ಜನರನ್ನು ಹೊತ್ತು, ಏನೇ ಬಂದರೂ ಹೇಳಬೇಕಾದ ತಾನು. ಬಲಗಡೆಯ ಸೀಟು ಎಂದಾಗ ಎಲ್ಲರೂ ಅಯ್ಯೋ ಎನ್ನುತ್ತಿದ್ದರು. ಅವಳಿಗೆ ಮಾತ್ರ, ಯಾರಿಗೂ ಹೇಳಿಕೊಳ್ಳಲು ನಾಚಿಕೆಯಾಗುವಂತೆ, ಆ ಸೀಟು ಹಿತವಾಗಿ ಕಾಣುತ್ತಿತ್ತು. ಒಂದಷ್ಟು ವರ್ಷ ಬೇರೆ ಯಾರಾದರೂ ಹೇಳಲಿ. ತಾನು ಮಾಡುತ್ತೇನೆ.

ಅವತ್ತೇ ಕೆಂಪು ಬಾಲದವರಿಗೆ ಒಪ್ಪಿಗೆ ತಿಳಿಸಿದಳು.

"ಅಂದ್ರೆ ಇದು ಇಳಿಯೋದಲ್ವಾ?" ಎಂದರು ಅತ್ತೆ.

"ಹೌದು ಅತ್ತೆ. ಏರಿದ ಮೇಲೆ ಇಳೀಲೇಬೇಕಲ್ಲ."

"ಬೀದಿಯೋರು ಕೇಳಿದ್ರೆ?"

"ಕ್ಯಾಪ್ಟನಮ್ಮ ಅಂತಲೇ ಕರೀಲಿ. ನಾನೇನು ಬೇಡ ಅನ್ನಲ್ಲ."

ಎಲ್ಲವೂ ಹೂವೆತ್ತಿದ ಹಾಗೇನೂ ಆಗಲಿಲ್ಲ. ಹೊಸ ಕಂಪನಿಯಲ್ಲಿ ಅವಳೇ ಎಲ್ಲರಿಗಿಂತ ಕೊನೆಯವಳು, ಯಾರಿಗೂ ಬೇಡವಾದ ಹಾರಾಟಗಳು ಅವಳ ಪಾಲಿಗೆ. ರಜೆ ಕೇಳಿದಾಗ ಸಿಗಲಿಲ್ಲ, ಸಿಕ್ಕಾಗ ಬೇಕಿರಲಿಲ್ಲ. ಕಡ್ಡಿ ದೂರದ ನಗರಗಳಿಂದ ಫೋಟೋ ಕಳಿಸುತ್ತಿದ್ದ, ನೋಡಿದಾಗ ಎದೆಯಲ್ಲಿ ಏನೋ ಚುರ್ ಎನ್ನುತ್ತಿತ್ತು. ಒಂದೆರಡು ನಿಮಿಷ ಇದ್ದು ಹೋಗುತ್ತಿತ್ತು. ಮಗಳು ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಆದರೆ ಸಂಜೆ ಅವಳು ಮನೆಯಲ್ಲಿದ್ದ ದಿನ, ಫೋನು ನೋಡುತ್ತಲೇ ಬಂದು ಅವಳ ಪಕ್ಕದಲ್ಲಿ ಕೂರುತ್ತಿದ್ದಳು.

ಹೊಸ ಕೆಲಸದ ಮೊದಲ ಮಳೆಗಾಲದಲ್ಲಿ ಒಂದು ದಿನ, ತನಗಿಂತ ಹತ್ತು ವರ್ಷ ಚಿಕ್ಕವಳಾದ ಕ್ಯಾಪ್ಟನ್ ಜೊತೆ ಹಾರುವಾಗ ಮುಂದೆ ಗುಡುಗುಮೋಡದ ಸಾಲು ಎದ್ದಿತು. ಕ್ಯಾಪ್ಟನ್ ಅವಳ ಕಡೆ ತಿರುಗಿ, "ನಿಮಗೇನನ್ಸುತ್ತೆ?" ಎಂದು ಕೇಳಿದಳು.

"ಎಡಗಡೆ ಸಂದಿ ಇದೆ. ಸುತ್ತಿಕೊಂಡು ಹೋಗಬಹುದು ಅನ್ಸುತ್ತೆ."

ಕ್ಯಾಪ್ಟನ್ ರೇಡಾರ್ ನೋಡಿದಳು, ಇಂಧನ ನೋಡಿದಳು, ಮತ್ತೆ ರೇಡಾರ್ ನೋಡಿದಳು. "ಸಂದಿ ಮುಚ್ಕೊಳ್ಳೋ ಹಾಗಿದೆ. ವಾಪಸ್ ಹೋಗೋಣ" ಎಂದಳು.

"ಸರಿ, ವಾಪಸ್" ಎಂದು ಅವಳು ವಿಮಾನವನ್ನು ತಿರುಗಿಸಿದಳು. ಪ್ರಯಾಣಿಕರು ಇಳಿಯುವಾಗ ಬಾಯಿಗೆ ಬಂದಂತೆ ಬೈದುಕೊಂಡು ಹೋದರು.

ಮನೆಗೆ ಬಂದು ಊಟಕ್ಕೆ ಕುಳಿತಾಗಲೂ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. "ಸಂದಿ ಚೆನ್ನಾಗೇ ಇತ್ತು ರೀ. ನಾನಾಗಿದ್ರೆ ಹೋಗ್ತಿದ್ದೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಊರು ಸೇರ್ತಿದ್ರು."

ಗಂಡ ಸಾವಕಾಶವಾಗಿ ತುತ್ತು ನುಂಗಿದ. "ನಂಗೇನೋ ಆ ಹುಡುಗಿ ಮಾಡಿದ್ದೇ ಸರಿ ಅನ್ಸುತ್ತೆ" ಎಂದ.

"ನಿಮಗೇನ್ ಗೊತ್ತು ಮೋಡದ ವಿಷ್ಯ?"

"ಏನೂ ಗೊತ್ತಿಲ್ಲ. ಕೇಳಿದ್ಯಲ್ಲ, ಹೇಳ್ದೆ."

"ನಾನೆಲ್ಲಿ ಕೇಳ್ದೆ?"

ಅತ್ತೆ ಇಬ್ಬರ ತಟ್ಟೆಗೂ ಇನ್ನಷ್ಟು ಬಡಿಸಿದರು. ಮುನಿಸಿಕೊಂಡೇ ಅವಳು ಹೊಟ್ಟೆ ತುಂಬ ಉಂಡಳು. ಮರುದಿನ ಅವಳ ಹಾರಾಟ ಇದ್ದದ್ದು ಮಧ್ಯಾಹ್ನದ ಮೇಲೆ, ಬೇಗ ಏಳಬೇಕಿರಲಿಲ್ಲ.