ಹೆಸರಿನ ಜಾಗದಲ್ಲಿ

ಬಿತ್ತನೆ ಬೀಜದ ಕಂಪನಿಯ ಹಡಗಲಿ ಶಾಖೆಯ ಕಂಪ್ಯೂಟರು ಕೊಟ್ಟೂರಿನ ಕಚೇರಿಯ ಸರ್ವರಿಗೆ ಜೋಡಣೆಯಾಗಬೇಕಾದರೆ ಎರಡೂ ಕಡೆಯವರು ಗುರುತಿನ ಸರ್ಟಿಫಿಕೇಟು ತೋರಿಸಬೇಕಿತ್ತು. ಕೊಟ್ಟೂರಿನದನ್ನು ಹಡಗಲಿ ಶಾಖೆಯ ಮರುಳಸಿದ್ಧನ ಕಂಪ್ಯೂಟರು ಕೂಡಲೇ ಒಪ್ಪಿತು. ಅವನದನ್ನು ಮಾತ್ರ ಕೊಟ್ಟೂರು ಬೆಳಗಿನಿಂದ ಹೊರಗೇ ನಿಲ್ಲಿಸಿತ್ತು; ಸರ್ಟಿಫಿಕೇಟಿನಲ್ಲಿರುವ ಹೆಸರು ತನ್ನ ಪಟ್ಟಿಯಲ್ಲಿದ್ದರೆ ಮಾತ್ರ ಅದು ಒಳಗೆ ಬಿಡುತ್ತಿತ್ತು. ಆ ಸರ್ವರು ನೋಡಿಕೊಳ್ಳುವವಳು ಅವನ ಹೆಂಡತಿ ಭಾಗ್ಯ. ರೇಗಿ ಫೋನು ಮಾಡಿದ.

“ಸರ್ವರಿನಾಗ ನನ್ನ ಹೆಸರು ಹಾಕಿಯೋ ಇಲ್ಲೋ?”

“ಹಾಕೀನ್ರಿ.”

“ಏನಂತ?”

ಭಾಗ್ಯ ದನಿ ತಗ್ಗಿಸಿದಳು.

“ನಮ್ಮನಿಯವ್ರು ಅಂತ. ಗಂಡನ ಹೆಸರು ನಾ ಹೆಂಗ್ರಿ ಹಾಕ್ಲಿ? ತಡೀರಿ, ತಿದ್ದತೀನಿ.”

“ಬ್ಯಾಡ, ಇರ್ಲಿ ಬಿಡು.”

ಅವನ ಸಿಟ್ಟು ಇಳಿದಿತ್ತು. ಹೊಸ ಸರ್ಟಿಫಿಕೇಟು ಮಾಡಿಕೊಂಡು, ಹೆಸರಿನ ಜಾಗದಲ್ಲಿ ಅವಳ ಪಟ್ಟಿಯಲ್ಲಿದ್ದಂತೆಯೇ ‘ನಮ್ಮನಿಯವ್ರು’ ಎಂದು ಒತ್ತಿದ. ಕೊಟ್ಟೂರು ಮರುಮಾತಿಲ್ಲದೆ ಅವನನ್ನು ಒಳಗೆ ಕರೆದುಕೊಂಡಿತು.