ಹದಿನಾಲ್ಕು ತಿಂಗಳ ಚೀಸು

ಸೊಸೆ ಇವತ್ತೂ ಚೀಸಿನ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದಳು. ಅತ್ತೆ ನೋಡಿಯೂ ನೋಡದವಳಂತೆ ಬ್ರೆಡ್ ಮುರಿದಳು. ಇಪ್ಪತ್ತೆರಡು ವರ್ಷ ಡೈರಿಯಲ್ಲಿ ಚೀಸು ಮಾಗಿಸಿದ ಕೈ ಅವಳದು. ಹದಿನಾಲ್ಕು ತಿಂಗಳು ಮಾಗಿದ, ಊರಿಗೆ ಊರೇ ಚಪ್ಪರಿಸುವ ಆ ಚೀಸು ಈ ಮಹಾರಾಯ್ತಿಗೆ ಮಾತ್ರ ಒಂದು ತಿಂಗಳಿಂದ ಬೇಡವಾಗಿತ್ತು.

"ಯಾಕಮ್ಮ, ನನ್ನ ಚೀಸು ಏನು ಪಾಪ ಮಾಡ್ತು?"

"ಅಯ್ಯೋ, ಹಾಗೇನಿಲ್ಲ ಅತ್ತೆ. ಹೊಟ್ಟೆಗೆ ಆಗ್ತಿಲ್ಲ."

ಹೊಟ್ಟೆಗೆ ಆಗದವಳು ಹಾಲು ಕುಡಿಯುತ್ತಾಳೆ, ಬೆಣ್ಣೆ ಬಳಿದುಕೊಳ್ಳುತ್ತಾಳೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಮಗ ಕಣ್ಣು ತಪ್ಪಿಸಿದ. ಗಂಡ ಹೆಂಡತಿ ಕೋಣೆಯಲ್ಲಿ ಪಿಸುಗುಟ್ಟುವುದು, ತಾನು ಬಂದೊಡನೆ ಸುಮ್ಮನಾಗುವುದು ಬೇರೆ. ಏನೋ ಮಸಲತ್ತು ನಡೆದಿದೆ ಎಂದು ಅತ್ತೆಗೆ ಖಾತ್ರಿಯಾಯಿತು. ನೋಡಿಯೇಬಿಡೋಣ ಎಂದು ಭಾನುವಾರ ಮಧ್ಯಾಹ್ನ ಆಲೂಗಡ್ಡೆ ಸೂಪಿಗೆ ಒಂದು ಹಿಡಿ ಚೀಸು ತುರಿದು ಕರಗಿಸಿದಳು. ಸೊಸೆ ಎರಡು ಬಟ್ಟಲು ಕುಡಿದು, "ಎಷ್ಟು ರುಚಿ ಅತ್ತೆ" ಎಂದಳು. ಸಿಕ್ಕಿಬಿದ್ದಳಲ್ಲ ಎಂದು ಅತ್ತೆ ಒಳಗೊಳಗೇ ಹಿಗ್ಗಿದಳು.

ಅರ್ಧ ಗಂಟೆಯಲ್ಲಿ ಸೊಸೆ ತಲೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. "ಈ ಮಾತ್ರೆ ಜೊತೆ ಹಳೇ ಚೀಸು ತಿನ್ನಬಾರ್ದು ಅಂತ ಹೇಳಿದ್ರಲ್ವಾ?"

"ಮುಟ್ಟೇ ಇಲ್ಲ ಡಾಕ್ಟ್ರೇ" ಎಂದ ಮಗ.

"ಯಾವ ಮಾತ್ರೆನೋ?" ಅತ್ತೆ ಮಗನತ್ತ ತಿರುಗಿದಳು.

"ಮನಸ್ಸು ಕುಗ್ಗಿಹೋಗಿತ್ತಮ್ಮ ಅವಳಿಗೆ. ನೀನು ಹುಚ್ಚಿ ಅಂದ್ಬಿಡ್ತೀಯ ಅಂತ ಹೇಳ್ಲಿಲ್ಲ."

ಡಾಕ್ಟರು ಬಿಡಿಸಿ ಹೇಳಿದರು. ಮನಸ್ಸಿಗೆ ಗೆಲುವು ಕೊಡುವ ರಾಸಾಯನಿಕಗಳನ್ನು ಮಿದುಳಿನಲ್ಲಿ ಒಂದು ಕಿಣ್ವ ಗುಡಿಸಿ ಹಾಕುತ್ತಿರುತ್ತದೆ. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಮಾಗಿದ ಚೀಸಿನಲ್ಲಿರುವ ಒಂದು ಅಂಶವನ್ನು ಹೊಟ್ಟೆಯಲ್ಲಿ ಒಡೆಯುವುದೂ ಅದೇ ಕಿಣ್ವ. ಅದಿಲ್ಲದಿದ್ದರೆ ರಕ್ತದೊತ್ತಡ ಒಮ್ಮೆಗೇ ಏರಿಬಿಡುತ್ತದೆ. "ತಿಂದಿಲ್ಲ ಅಂದ್ರೆ ಬೇರೆ ಕಾರಣ ಹುಡುಕ್ಬೇಕು. ಅಷ್ಟು ಹೊತ್ತು ಇವರ ಹತ್ರ ಇಲ್ಲ."

ಅತ್ತೆ ಮಂಚದತ್ತ ನೋಡಿದಳು. ಹೇಳಿದರೆ ಮಗ ಕೈತಪ್ಪುತ್ತಾನೆ, ಹೇಳದಿದ್ದರೆ ಸೊಸೆ.

"ತಿಂದಿದಾಳೆ. ನಾನೇ ಸೂಪಿಗೆ ಹಾಕಿದೆ, ಅವಳಿಗೆ ಗೊತ್ತಾಗದ ಹಾಗೆ."

ಡಾಕ್ಟರು ನರ್ಸನ್ನು ಕೂಗಿದರು. ಮಗ ತನ್ನ ಕುರ್ಚಿಯನ್ನು ಮಂಚದ ಆಚೆ ಬದಿಗೆ ಎಳೆದುಕೊಂಡ.

ಸಂಜೆ ಸೊಸೆ ಚೇತರಿಸಿಕೊಂಡಳು. ಗಂಡ ಎಲ್ಲವನ್ನೂ ಹೇಳಿ ಔಷಧಿ ತರಲು ಹೋದ. ಅವಳು ನೀರು ಬೇಕೆಂದಾಗ ಕೋಣೆಯಲ್ಲಿ ಅತ್ತೆಯೊಬ್ಬಳೇ ಇದ್ದಳು.

ಅತ್ತೆ ಲೋಟ ಚಾಚಿದಳು. ಸೊಸೆ ಲೋಟ ನೋಡಿದಳು, ಅತ್ತೆಯ ಮುಖ ನೋಡಿದಳು. ಕೈ ಎತ್ತಲಿಲ್ಲ.

ಅತ್ತೆ ಲೋಟವನ್ನು ಹಿಂದಕ್ಕೆ ತಂದು ಒಂದು ಗುಟುಕು ತಾನು ಕುಡಿದಳು. ಮತ್ತೆ ಚಾಚಿ ನಿಂತಳು.