ಹನ್ನೊಂದು ಕಡೆ

ಐಶ್ವರ್ಯ ಟಿವಿಯನ್ನು ಎದೆಗವಚಿಕೊಂಡು ಪಡಸಾಲೆಗೆ ತಂದು, ಜೋಳದ ಚೀಲದ ಮೇಲೆ, ಹೆಣದ ಎದುರಿಗೇ ಇಟ್ಟಳು.

"ಏ ಹುಡುಗಿ, ತಲಿ ಗಿಲಿ ಕೆಟ್ಟೈತೇನ?" ವಿಭೂತಿ ಕಲಸುತ್ತಿದ್ದ ಜಂಗಮ ಬಸಲಿಂಗಯ್ಯ ಗದರಿದರು. "ಹೊತ್ತು ಇಳಿಯೂದ್ರಾಗ ಮಣ್ಣು ಮಾಡಬೇಕು. ಹೆಣದ ಮುಂದ ಸಿನೆಮಾ ಹಚ್ಚತೀಯಾ?"

"ಇದು ಆಯೀದ ಸಿನೆಮಾ ರೀ ಅಜ್ಜಾರ. ಆಕೀನ ಇನ್ನೂ ನೋಡಿಲ್ಲ. ತೋರಿಸಿ ಕಳಸ್ತೇನಿ."

ಅವಳ ಆಯಿ, ತಾಯಿಯ ತಾಯಿ ದುಂಡವ್ವ, ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆಯೇ ಮೈ ತೊಳೆದು, ಹಸಿರು ಇಳಕಲ್ ಸೀರೆ ಉಡಿಸಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಬಟ್ಟೆ ಬಿಗಿದು ಕೂರಿಸಿದ್ದರು. ತಿಕೋಟಾದಲ್ಲಿ ಆಕೆ ನಲವತ್ತು ವರ್ಷ ಸೂಲಗಿತ್ತಿ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ, ಹಾಲಿಗೆ ಬಾಯಿ ಹಾಕದ ಕೂಸುಗಳನ್ನು ಜನ ಅವಳ ಹತ್ತಿರವೇ ತರುತ್ತಿದ್ದರು.

"ಹಚ್ಚವ್ವ, ಹಚ್ಚು," ಎಂದಳು ನೆರೆಮನೆಯ ಸಬೀರಾ, ಹೂವು ಕಟ್ಟುತ್ತ. ಅವಳ ಇಬ್ಬರು ಗಂಡುಮಕ್ಕಳನ್ನೂ ಹಿಡಿದದ್ದು ದುಂಡವ್ವನ ಕೈ. "ಕುಂತ ನೋಡಾಕ ಅಕ್ಕಗ ಎಂದರ ಪುರಸತ್ತ ಸಿಕ್ಕಿತ್ತೇನ? ಇವತ್ತ ಸಿಕ್ಕೈತಿ."

ಸಿನಿಮಾ ತೆಗೆದ ಚೇತನಕುಮಾರ ಆಗ ಒಳಗೆ ಬಂದ. ಹೆಣಕ್ಕೆ ಕೈಮುಗಿದು ಐಶ್ವರ್ಯಳ ಅಂಗೈಗೆ ಪೆನ್‌ಡ್ರೈವ್ ಹಾಕಿದ.

"ಪೂರ್ತಿದ್ದ ತಂದೀರಿಲ್ಲೋ ಅಣ್ಣಾರ? ಏನೂ ತಗೀಲಾರದ್ದು?"

ಅವನು ಅವಳ ಮುಖ ನೋಡಲಿಲ್ಲ. "ಹಚ್ಚು ನೋಡೂಣು," ಎಂದ.

*

ಮೂರು ವರ್ಷದ ಹಿಂದಿನ ಮಾತು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಚೇತನಕುಮಾರನ ಸ್ಟುಡಿಯೋ. ಲಗ್ನದ ವಿಡಿಯೋ ತೆಗೆಯುವುದು ಕಸುಬು. ಬಿಡುವಿದ್ದಾಗಲೆಲ್ಲ ತಿಕೋಟಾಕ್ಕೆ ಬಂದು, ದುಂಡವ್ವ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವುದನ್ನೂ, ಹೊಸ ತಾಯಂದಿರಿಗೆ ಬುದ್ಧಿ ಹೇಳುವುದನ್ನೂ ಹಿಡಿದು ಒಂದು ತಾಸಿನ ಸಿನಿಮಾ ಮಾಡಿದ್ದ. ಥೇಟರಿನಲ್ಲಿ ತೋರಿಸಬೇಕಾದರೆ ಸೆನ್ಸಾರ್ ಸಮಿತಿಯ ಸರ್ಟಿಫಿಕೇಟು ಬೇಕು. ಕಳಿಸಿದ. ಕಾಗದ ಬಂತು. ಐಶ್ವರ್ಯ ಅದನ್ನು ಆಯಿಗೆ ಓದಿ ಹೇಳಿದಳು.

"'ಮಲಿ ಎಂಬ ಪದವು ಹನ್ನೊಂದು ಕಡೆ ಬಂದಿದ್ದು, ಧ್ವನಿ ತೆಗೆಯತಕ್ಕದ್ದು, ಇಲ್ಲವೇ ಸ್ತನ ಎಂದು ಬದಲಿಸತಕ್ಕದ್ದು. ಬದಲಿಸಿದ ಮೇಲೂ ಚಿತ್ರವು ವಯಸ್ಕರಿಗೆ ಮಾತ್ರ.'"

ದುಂಡವ್ವ ಕಾಗದದ ಕಡೆ ಬೆರಳು ಮಾಡಿದಳು. "ಆ ಸಮಿತ್ಯಾಗ ಎಷ್ಟ ಮಂದಿ ಅದಾರು?"

"ಐದ ಮಂದಿ."

"ಐದೂ ಮಂದಿ ಏನ ಕುಡದ ಬೆಳದಾರಂತ? ಕೇಳಿ ಬರೀ ಅವರಿಗೆ."

"ಒಂದ ಸಲ ಮೈಕಿನ್ಯಾಗ ಸ್ತನ ಅಂದ ಬಿಡ್ರಿ ಆಯಿ," ಚೇತನಕುಮಾರ ಅಂಗಲಾಚಿದ. "ಉಳಿದದ್ದ ನಾ ಕೂಡಸ್ತೇನಿ."

"ನಲವತ್ತ ವರ್ಷ ಕೂಸು ಹಿಡದೀನಿ ತಮ್ಮಾ. ಆ ಹೆಸರಿನ್ಯಾಗ ಒಂದ ಕೂಸೂ ಹಾಲು ಕುಡದಿಲ್ಲ. ನಾ ಅನ್ನಂಗಿಲ್ಲ."

ಅನ್ನಲಿಲ್ಲ. ಹನ್ನೊಂದು ಕಡೆ ಅವಳ ದನಿ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಸ್ಟೇಷನ್ ರಸ್ತೆಯ ಥೇಟರಿನಲ್ಲಿ ಒಂದೇ ಒಂದು ಆಟ. ದುಂಡವ್ವ ಟಂಟಂ ರಿಕ್ಷಾದ ತುಂಬ ಮಕ್ಕಳನ್ನು ಹೇರಿಕೊಂಡು ಬಂದಳು. ಹದಿನಾಲ್ಕು ಮಂದಿ, ಎಲ್ಲರೂ ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡವರು. ಗೇಟಿನವನು ಕೈ ಅಡ್ಡ ಹಿಡಿದ.

"ಇವಕ್ಕ ಹದಿನೆಂಟ ಆಗ್ಯಾವೇನ? ಆಧಾರ್ ಕಾರ್ಡ್ ತೋರಸ್ರಿ."

"ಕಾರ್ಡ್ ಯಾಕ ಬೇಕೋ? ಯಾವ ಕೂಸು ಯಾವ ವಾರ ಹುಟ್ಟೈತಿ, ನನ್ನ ಕೇಳು."

"ಅದೆಲ್ಲಾ ನಡಿಯಂಗಿಲ್ಲ ಅಮ್ಮಾರ. ರೂಲ್ಸ್ ಐತಿ."

ಅದೇ ಹೊತ್ತಿಗೆ ಪಕ್ಕದ ಬಾಗಿಲಿನಿಂದ ಅಪ್ಪಂದಿರ ಬೆರಳು ಹಿಡಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದವು. ಅಲ್ಲಿಯ ಪೋಸ್ಟರಿನಲ್ಲಿ ನಾಯಕನ ಕೈಯ ಮಚ್ಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು; ಅವನ ಕಾಲ ಬಳಿ ಎದೆ ಮುಕ್ಕಾಲು ಬಿಟ್ಟುಕೊಂಡು ಒಬ್ಬಳು ಮಲಗಿದ್ದಳು. ಅದಕ್ಕೆ ಯಾರೂ ಕೈ ಅಡ್ಡ ಹಿಡಿಯಲಿಲ್ಲ.

ದುಂಡವ್ವ ಆ ಪೋಸ್ಟರನ್ನು ನೋಡಿದಳು. ಗೇಟಿನವನನ್ನು ನೋಡಿದಳು. ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನೀವರ ಒಳಗ ಬರ್ರಿ ಆಯಿ, ನಿಮ್ಮದ ಸಿನೆಮಾ!" ಚೇತನಕುಮಾರ ಓಡಿಬಂದ.

"ಇವು ದೊಡ್ಡವಾಗಲಿ. ಕೂಡೇ ನೋಡ್ತೇವಿ."

ಮಕ್ಕಳಿಗೆ ಚುರುಮರಿ ಕೊಡಿಸಿ, ಹತ್ತಿ ಬಂದ ಟಂಟಂನಲ್ಲೇ ತಿರುಗಿ ಊರಿಗೆ ಕರೆತಂದಳು. ಐಶ್ವರ್ಯಳಿಗೆ ಆಗ ಹದಿನಾರು.

*

ಈಗ ಹತ್ತೊಂಬತ್ತು.

ಟಿವಿಯಲ್ಲಿ ಆಯಿ ಬಂದಳು. ಚಾಚಿದ ಕಾಲ ಮೇಲೆ ಕೂಸು, ಮೊಣಕೈವರೆಗೆ ಎಣ್ಣೆ. "ತಲಿ ಹಿಂಗ ಹಿಡಿ ತಂಗಿ. ಅಂಜಬ್ಯಾಡ," ಎಂದಳು. ಪಡಸಾಲೆಯ ಹೆಂಗಸರು ಆ ದನಿ ಕೇಳಿ ಒಮ್ಮೆಲೆ ಅತ್ತರು. "ಆಮ್ಯಾಲೆ ಕೂಸಿನ ಬಾಯಾಗ..."

ದನಿ ನಿಂತಿತು. ತುಟಿಗಳು ಆಡಿದವು. ಐಶ್ವರ್ಯ ರಿಮೋಟು ಒತ್ತಿ ಸಪ್ಪಳ ಏರಿಸಿದಳು. "...ಇಟ್ಟು ಸುಮ್ಕ ಕುಂದರು," ಎಂದು ಆಯಿ ಕಿವಿ ಗಡಚಿಕ್ಕುವಂತೆ ಮುಂದುವರಿದಳು.

"ಅಣ್ಣಾರ, ಇದು ಅವರು ತಗಿಸಿದ್ದು. ಪೂರ್ತಿದ್ದ ಎಲ್ಲೈತಿ?"

"ಇಲ್ಲವಾ."

"ಇಲ್ಲಂದ್ರ?"

ಚೇತನಕುಮಾರ ಕಂಬಕ್ಕೆ ಒರಗಿದ. "ಬಬಲೇಶ್ವರದಾಗ ಒಂದ ಲಗ್ನ ಇತ್ತು. ಕ್ಯಾಮೆರಾದ ಮೆಮೊರಿ ಕಾರ್ಡ್ ಕಡಿಮಿ ಬಿದ್ದಿದ್ವು. ಹೆಂಗೂ ಪಾಸಾದದ್ದ ಒಂದ ಐತೆಲ್ಲಾ ಅಂತ... ಒರಸಿ ಲಗ್ನ ತುಂಬಿದ್ನಿ."

"ಅವರು ಹನ್ನೊಂದ ಮಾತು ತಗದ್ರು," ಎಂದಳು ಐಶ್ವರ್ಯ. "ನೀವು ಆಕಿ ಪೂರಾ ಮಾತ ಇಲ್ಲದಂಗ ಮಾಡಿದ್ರಿ. ಯಾರದೋ ಲಗ್ನದ ಅಕ್ಕಿಕಾಳಿನ ಸಲುವಾಗಿ! ಮೂರ ವರ್ಷ ಬಾಯಿ ಬಿಡಲಿಲ್ಲ ನೀವು."

"ತಪ್ಪಾತವಾ."

ಅವಳು ಪ್ಲಗ್ಗಿಗೆ ಕೈ ಹಾಕಿದಳು.

"ಬಂದ್ ಮಾಡಬ್ಯಾಡ," ಎಂದಳು ಸಬೀರಾ.

ದನಿ ಮತ್ತೆ ನಿಂತಿತು. ಆ ಖಾಲಿ ಜಾಗಕ್ಕೆ ಸಬೀರಾ ಗಟ್ಟಿಯಾಗಿ ಅಂದಳು: "ಮಲಿ."

ಅಂಗಳದ ಗಂಡಸರು ಕೆಮ್ಮಿದರು. ಮೂರನೆಯದಕ್ಕೆ ಇನ್ನಿಬ್ಬರು ಹೆಂಗಸರು ಕೂಡಿದರು. ಐದನೆಯದಕ್ಕೆ ಇಡೀ ಪಡಸಾಲೆ ಅಂದಿತು. ಆಯಿ ಹೇಳಿದ್ದು ಅವರಿಗೆಲ್ಲ ಬಾಯಿಪಾಠವಿತ್ತು. ಒಬ್ಬೊಬ್ಬರೂ ತಮ್ಮ ಬಾಣಂತನದಲ್ಲಿ ಕೇಳಿದ ಮಾತೇ.

"ಯಾಕ್ರಿ ಅಜ್ಜಾರ, ತಲಿ ಬಗ್ಗಿಸೀರಿ? ನೀವು ಕುಡದಿಲ್ಲೇನ?" ಸಬೀರಾ ಕೇಳಿದಳು.

"ಕುಡದ ಬದಕೇನಿ ಬೇ," ಎಂದರು ಬಸಲಿಂಗಯ್ಯ. ಎಂಟನೆಯದಕ್ಕೆ ಅವರ ದಪ್ಪ ದನಿಯೂ ಬಂತು.

ಹತ್ತು ಮುಗಿದಾಗ ಸಬೀರಾಳ ಸೊಸೆ ಸುರೈಯಾಳ ಮೂರು ತಿಂಗಳ ಕೂಸು ಚೀರಿತು. ಹುಟ್ಟಿದ ಎರಡು ದಿನ ಹಾಲಿಗೆ ಬಾಯಿ ಹಾಕದೆ, ಕಡೆಗೆ ದುಂಡವ್ವನ ಕೈಯಿಂದ ದಾರಿಗೆ ಬಂದ ಕೂಸು. ಸುರೈಯಾ ಗಂಡಸರ ಕಡೆ ನೋಡಿ ಒಳಗೆ ಹೋಗಲು ಎದ್ದಳು.

"ಎಲ್ಲಿಗೆ ಹೊಂಟಿ?" ಸಬೀರಾ ಅವಳ ಕೈ ಹಿಡಿದಳು. "ಕಲಿಸಿದಾಕಿ ಇಲ್ಲೇ ಕುಂತಾಳ. ಇಲ್ಲೇ ಕುಂದರು."

ಸುರೈಯಾ ದುಂಡವ್ವನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತು, ಸೆರಗು ಸರಿಸಿದಳು.

ಹನ್ನೊಂದನೆಯ ಕಡೆ ಬಂತು. ಪರದೆಯ ಮೇಲೆ ಆಯಿ ಬಾಯಿ ತೆರೆದಳು; ಗೋಡೆಯ ಹತ್ತಿರ ಆಯಿಯ ಬಾಯಿ ಬಿಳಿ ಬಟ್ಟೆಯೊಳಗೆ ಮುಚ್ಚಿತ್ತು. ಈ ಸಲ ಯಾರೂ ಏನೂ ಅನ್ನಲಿಲ್ಲ. ಆ ಮೌನದಲ್ಲಿ ಕೂಸು ಗುಟುಕು ಗುಟುಕಾಗಿ ನುಂಗುವ ಸಪ್ಪಳ, ಅಂಗಳದವರೆಗೆ ಕೇಳುತ್ತಿತ್ತು.